ಹುಚ್ಚೀರಪ್ಪನವರ ಕಾರಿನ ಸೇವೆ

ಬೆಟಗೇರಿಯ ಕೀಲೆಣ್ಣಿ ಮನೆತನದ ಮೂಲಪುರುಷ ಗುರುಪಾದಪ್ಪ. ಓಣಿಗೆ ಮೊಟ್ಟಮೊದಲು ಕಮಾನು ಕಟ್ಟಿದ ಸವಾರಿ ಬಂಡಿ ತಂದ ಗಂಡಸು ಆತನೇ. ಅದರ ಅಚ್ಚಿಗೆ ಎರಡು ಹೊತ್ತು ಕೀಲೆಣ್ಣೆ ಹಾಕಿದ್ದರಿಂದ ಮನೆತನಕ್ಕೆ ಆ ಹೆಸರು ಅಂಟಿತು. ಲಕ್ಷ್ಮೇಶ್ವರದ ಸಂತೆಗೆ ಹೋಗುವಾಗ ಗಾಲಿಯ ಹಳಿ ಸವೆದೀತೆಂದು ಆತ ಬಂಡಿಯಲ್ಲಿ ಕೂಡುತ್ತಿರಲಿಲ್ಲ, ಪಕ್ಕದಲ್ಲಿ ನಡೆಯುತ್ತಿದ್ದ. ಹೆಂಡತಿಯನ್ನು ಹಿಂದೆ ನಡೆಸುತ್ತಿದ್ದ. ಆತನ ಮಗ ಸಕ್ರಪ್ಪ ಸೈಕಲ್ ಕೊಂಡ. ಎರೆಮಣ್ಣಿನ ಕೆಸರು ತಾಗಬಾರದೆಂದು ಮಳೆಗಾಲ ಪೂರ್ತಿ ಅದನ್ನು ಹೆಗಲ ಮೇಲೆ ಹೊತ್ತು ತಿರುಗಿದ. ಲೆಕ್ಕ ಹಾಕಿದರೆ ಸೈಕಲ್ಲು ಸಕ್ರಪ್ಪನನ್ನು ಹೊತ್ತದ್ದಕ್ಕಿಂತ ಸಕ್ರಪ್ಪ ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಅವನ ಮಗ ಶಿವಯೋಗೆಪ್ಪ ಇನ್ನೂ ಮುಂದೆ ಹೋದ. ಮೋಟರ್ ಸೈಕಲ್ ತಂದು, ಟೈರು ನೆಲಕ್ಕೆ ತಾಗಿ ಸವೆಯಬಾರದೆಂದು ಪಡಸಾಲೆಯಲ್ಲಿ ಇಟ್ಟಂಗಿಯ ಮೇಲೆ ಎತ್ತಿ ನಿಲ್ಲಿಸಿದ. ಸಂಜೆ ಹೊತ್ತು ಅದರ ಮೇಲೆ ಕೂತು, ಎಂಜಿನ್ ಗುರುಗುಟ್ಟಿಸಿ, ಹುಬ್ಬಳ್ಳಿಗೆ ಹೋಗಿ ಬಂದಷ್ಟು ದಣಿದು ಇಳಿದು, ಕೈಕಾಲು ತೊಳೆದು ಊಟಕ್ಕೆ ಕೂಡುತ್ತಿದ್ದ.

ಇಂಥ ಕುಲದಲ್ಲಿ ಹುಟ್ಟಿದ ಹುಚ್ಚೀರಪ್ಪನವರು ಕಾರು ಕೊಂಡರು.

ಕಾರು ಮನೆಗೆ ಬಂದ ದಿನ ಅವರ ಹೆಂಡತಿ ಗದಿಗೆವ್ವ ಆರತಿ ಎತ್ತಿ ಒಳಗೊಳಗೇ ಹಿಗ್ಗಿದ್ದಳು. ಆಕೆಯ ತವರು ಮುಂಡರಗಿ ಕಡೆಯ ಡೋಣಿ, ಕಪ್ಪತಗುಡ್ಡದ ಬುಡದ ಊರು. ಶ್ರಾವಣದಲ್ಲಿ ಗುಡ್ಡ ಹಸಿರಾದಾಗ ಗೆಳತಿಯರ ಜೊತೆ ಗಾಳಿಗುಂಡಿ ಬಸವಣ್ಣನ ತನಕ ಓಡಿ ಹತ್ತಿದ ಹುಡುಗಿ ಆಕೆ. ಇನ್ನು ಕಾರು ಬಂತಲ್ಲ, ವರ್ಷಕ್ಕೊಮ್ಮೆಯಾದರೂ ಗುಡ್ಡ ನೋಡಿ ಬರಬಹುದೆಂದು ಲೆಕ್ಕ ಹಾಕಿದ್ದಳು. ಗಂಡನ ಮನೆತನದ ಹೆಸರಿನ ಅರ್ಥ ಆಕೆಗೆ ಆಗ ಪೂರ್ತಿ ತಿಳಿದಿರಲಿಲ್ಲ.

ತಿಳಿಯಲು ತಡವಾಗಲಿಲ್ಲ. ಹುಚ್ಚೀರಪ್ಪನವರು ಬೆಳಿಗ್ಗೆ ಎದ್ದು ಮೊದಲು ಕಾರಿಗೆ ಸ್ನಾನ ಮಾಡಿಸಿ ಆಮೇಲೆ ತಾವು ಮಾಡುತ್ತಿದ್ದರು. ಒರೆಸಲು ಧೋತರ ಒರಟಾಯಿತೆಂದು ಗದಿಗೆವ್ವನ ಮೆತ್ತನೆಯ ಇಳಕಲ್ ಸೀರೆಯೊಂದು ಆ ಸೇವೆಗೆ ಹೋಯಿತು. ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ರೋಗಿಯ ನಾಲಗೆ ನೋಡುವ ವೈದ್ಯನ ಹಾಗೆ ಹುಬ್ಬು ಗಂಟಿಕ್ಕಿ, ‘ಹೂಂ’ ಎಂದು ಮತ್ತೆ ಒಳಗಿಡುವರು. ಆ ಕಡ್ಡಿಯಲ್ಲಿ ಏನು ಕಂಡಿತೆಂದು ಒಂದು ದಿನವೂ ಯಾರಿಗೂ ಹೇಳಿದವರಲ್ಲ. ಸೀಟಿನ ಪ್ಲಾಸ್ಟಿಕ್ ಚೀಲ ಕಾರು ಬಂದಾಗಿನಿಂದ ಹಾಗೇ ಇತ್ತು. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ಚರ್ಮ ಸುಲಿದಂತಾಗುತ್ತಿತ್ತು.

ರವಿವಾರ ಸಂಜೆ ಸವಾರಿ. ಟಾಂಗಾಕೂಟ ದಾಟಿ, ಮುಳಗುಂದ ನಾಕಾದಲ್ಲಿ ಗಾಲಿಗೆ ಗಾಳಿ ಹಾಕಿಸಿ, ಭೀಷ್ಮಕೆರೆಗೆ ಒಂದು ಸುತ್ತು ಹೊಡೆದು ಮನೆಗೆ. ಮುಂದಿನ ಸೀಟು ಕುಸಿದೀತೆಂದು ಗದಿಗೆವ್ವನಿಗೆ ಹಿಂದಿನ ಸೀಟು. ಧೂಳು ಬರುತ್ತದೆಂದು ಕಿಟಕಿ ಬಂದ್. ಎಂಜಿನ್ನಿಗೆ ಭಾರವೆಂದು ಏಸಿಯೂ ಬಂದ್. ಬಿಸಿಲಿಗೆ ಬಣ್ಣ ಹಾರೀತೆಂದು ಗಾಜಿಗೆ ಕರಿ ಪರದೆ. ಗದಗ ಮಂದಿಯೆಲ್ಲ ಕೆರೆಯ ದಂಡೆಯಲ್ಲಿ ಗಿರಮಿಟ್ಟು ತಿನ್ನುತ್ತ ಗಾಳಿ ಕುಡಿಯುವಾಗ ಗದಿಗೆವ್ವ ಪರದೆಯ ತೂತಿನಿಂದ ಕೆರೆಯನ್ನು ಅಂದಾಜು ಮಾಡುತ್ತಿದ್ದಳು.

ಅಷ್ಟಾದರೂ ಸಹಿಸಬಹುದಿತ್ತು. ಆದರೆ ಕಾರು ಬಂದ ಮೇಲೆ ಆಕೆಗಿದ್ದ ಬಸ್ಸೂ ತಪ್ಪಿತು. ಮೊದಲೆಲ್ಲ ತವರಿಗೆ ಬಸ್ಸು ಹತ್ತಿ ಹೋಗುತ್ತಿದ್ದವಳು, ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದರೂ ಹೋಗುವಂತಿಲ್ಲ. ‘ಕಾರಿದ್ದವರ ಹೆಂಡತಿ ಬಸ್ಸಿನ್ಯಾಗ ನಿಂತಾಳಂದ್ರ ಮಂದಿ ಏನಂದಾರು?’ ಎಂಬುದು ಹುಚ್ಚೀರಪ್ಪನವರ ಕಾನೂನು. ಹೀಗೆ ಅಂಗಳದಲ್ಲಿ ಕಾರು ಇತ್ತು, ಓಣಿಯ ಮೂಲೆಯಲ್ಲಿ ಬಸ್ಸು ಇತ್ತು, ನಡುವೆ ಗದಿಗೆವ್ವನ ಮೊಣಕಾಲು ಸವೆಯುತ್ತಿತ್ತು. ಈ ಸಲ ಡಾಕ್ಟರು ಎಲುಬಿನ ಚಿತ್ರ ನೋಡಿ, ಇನ್ನು ಏರು ಹತ್ತುವುದು ಸ್ವಲ್ಪ ದಿನದ ಮಾತು ಎಂದರು. ಮನೆಗೆ ಬಂದವಳೇ ಗಂಡನ ಎದುರು ನಿಂತಳು.

“ಈ ಶ್ರಾವಣದಾಗ ನಾ ಗುಡ್ಡ ನೋಡಾಕಿ. ನೀವು ಕರಕೊಂಡು ಹೋದ್ರ ಕಾರಿನ್ಯಾಗ. ಇಲ್ಲಂದ್ರ ಆಧಾರ್ ಕಾರ್ಡ್ ತೋರಿಸಿ ಬಸ್ಸಿನ್ಯಾಗ.”

ಹುಚ್ಚೀರಪ್ಪನವರು ಎದೆ ಹಿಡಿದುಕೊಂಡರು. “ಬಸ್ಸಿನ್ಯಾಗಾ? ಮರ್ಯಾದಿ ಐತೇನ ನಿನಗ? ಅಮಾಸಿ ಆಗಲಿ. ಗಾಡಿ ಪೂಜಿ ಆಗಲಿ. ಮರು ಸೋಮಾರ ಹೊಂಡೂಣು.”

ಅಮಾವಾಸ್ಯೆಯ ಪೂಜೆ ಆ ಮನೆಯಲ್ಲಿ ಸಣ್ಣ ಪೂಜೆಯಲ್ಲ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ, ಹಾರ. ಮೆಕ್ಯಾನಿಕ್ ಲಾಡಸಾಬನಿಗೂ ಅಂದೇ ಕರೆ. ಆತ ಬಂದು ಅಲ್ಲಿ ಇಲ್ಲಿ ಒಂದು ನಟ್ಟು ತಿರುವಿ ಪ್ರಸಾದ ತೆಗೆದುಕೊಂಡು ಹೋಗಬೇಕು. ಇದಕ್ಕೆ ಹುಚ್ಚೀರಪ್ಪನವರು ‘ಸರ್ವಿಸಿಂಗ್’ ಎನ್ನುತ್ತಿದ್ದರು. ತೆಂಗಿನಕಾಯಿ ಒಡೆದು, ಅದರ ನೀರನ್ನು ತಂಬಿಗೆಯಲ್ಲಿ ಹಿಡಿದು, ರೇಡಿಯೇಟರಿನ ಮುಚ್ಚಳ ಬಿಚ್ಚಿ ಒಳಗೆ ಸುರಿಯುವುದು ಪೂಜೆಯ ಕೊನೆಯ ಘಟ್ಟ. ಉಳಿದವರಿಗೆ ತೀರ್ಥ ಆಮೇಲೆ.

ಲಾಡಸಾಬ ಹಿಂದೊಮ್ಮೆ ಬಾಯಿ ಬಿಟ್ಟಿದ್ದ. “ಸಾವ್ಕಾರ್ರ, ಅದರಾಗ ಕಾಯಿ ನೀರು ಹಾಕಬ್ಯಾಡ್ರಿ. ಸಿಹಿ ಇರತೈತಿ, ಕುದ್ದು ಕುದ್ದು ಅಂಟಾಗತೈತಿ. ಕೂಲಂಟ್ ಅಂತ ಹಸರು ನೀರು ಬರತಾವು, ಅವ್ನ ಹಾಕೂಣು.”

“ಆ ಹಸರು ನೀರು ಯಾವ ದೇವ್ರ ಮುಂದ ಒಡದ ಕಾಯೀದಲೇ? ಇದು ತೀರ್ಥ. ಗಾಡಿ ಹೊಟ್ಟಿ ತಂಪಿರತೈತಿ. ನೀ ನಿನ್ನ ನಟ್ಟು ಬಿಗಿ.”

ಲಾಡಸಾಬ ನಟ್ಟು ಬಿಗಿದ. ಬಾಯಿಯನ್ನೂ ಬಿಗಿದುಕೊಂಡ. ಅಂದಿನಿಂದ ಕಾಯಿಯ ದೊಡ್ಡ ಹೋಳು ಯಾವ ಕಡೆ ಇದೆಯೆಂದು ನೋಡುವುದಷ್ಟೇ ಆತನ ಕೆಲಸ. ಈ ಅಮಾವಾಸ್ಯೆಯಂದೂ ಹೋಳು ಚೀಲಕ್ಕೆ ಹಾಕಿಕೊಂಡು, “ಗಾಡಿ ಕುದುರಿ ಆಗೇತ್ರಿ” ಎಂದು ಹೇಳಿ ಹೋದ.

ಸೋಮವಾರ ನಸುಕಿನಲ್ಲೇ ಹೊರಟರು. ಗದಿಗೆವ್ವ ಬುತ್ತಿ ಕಟ್ಟಿ, ದೊಡ್ಡ ಬಾಟಲಿಯಲ್ಲಿ ಹೊಳೆ ನೀರು ತುಂಬಿಕೊಂಡಿದ್ದಳು. ಕಾರು ಮುಳಗುಂದ ನಾಕಾದ ಕಡೆ ತಿರುಗಿದಾಗ ಆಕೆ ಹಿಂದಿನಿಂದ ಬಗ್ಗಿ ಕೇಳಿದಳು.

“ಇತ್ತ ಯಾಕ್ರಿ? ಡಂಬಳದ ಮ್ಯಾಲೆ ಹಾದು ಹೋದ್ರ ಡೋಣಿ ಇಲ್ಲೇ ಐತಲ್ಲ.”

“ಆ ದಾರ್ಯಾಗ ನನ್ನ ಗುರ್ತಿನವರು ಯಾರದಾರ?”

ಗುಡ್ಡ ಒಂದು ದಿಕ್ಕಿಗೆ, ಕಾರು ಇನ್ನೊಂದು ದಿಕ್ಕಿಗೆ. ಮುಳಗುಂದ ದಾಟಿ ಲಕ್ಷ್ಮೇಶ್ವರ ಬಂತು. ಅಲ್ಲಿ ಕಾಳು ವ್ಯಾಪಾರದ ನಂದೀಶನ ಅಂಗಡಿ ಮುಂದೆ ಕಾರು ನಿಂತು ಹಾರ್ನ್ ಹೊಡೆಯಿತು. ಹುಚ್ಚೀರಪ್ಪನವರು ದಲಾಲಿ ಮಾಡುತ್ತಿದ್ದ ದಿನಗಳ ಗೆಳೆಯ ಆತ. ಹೊರಗೆ ಬಂದು, “ಏನ್ರಿ ಹುಚ್ಚೀರಪ್ಪಣ್ಣಾರ, ಗಾಡಿ ಹೊಸಾದು ತಗೊಂಡ್ರೇನ?” ಎಂದ.

ಆ ಒಂದು ಮಾತಿಗೆ ಹುಚ್ಚೀರಪ್ಪನವರು ಇಡೀ ಸುತ್ತು ಹಾಕಿ ಬಂದದ್ದು ಸಾರ್ಥಕವಾಯಿತು. “ಹಳೀದಪಾ! ಅದ ಗಾಡಿ!” ಎಂದು ಕುಣಿದು ಇಳಿದು ಬಾನೆಟ್ ಎತ್ತಿದರು. ಹಮಾಲರು ಚೀಲ ಇಳಿಸಿ ನೋಡಲು ನಿಂತರು. ಗದಿಗೆವ್ವ ಗಾಜು ತಟ್ಟಿ, ಸೋಮೇಶ್ವರನ ಗುಡಿ ನೋಡಿ ಬರೋಣವೆಂದಳು. “ಗಾಡಿ ಯಾರು ಕಾಯೋರು?” ಎಂಬ ಉತ್ತರ ಬಂತು. ಶಿರಹಟ್ಟಿಯಲ್ಲಿ ಇಳಿಯಲೂ ಇಲ್ಲ. ಫಕೀರೇಶ್ವರ ಮಠಕ್ಕೆ ಬಂದ್ ಮಾಡಿದ ಗಾಜಿನ ಒಳಗಿಂದಲೇ ಕೈ ಮುಗಿದರು.

ಶಿರಹಟ್ಟಿ ದಾಟಿದ ಮೇಲೆ ಗದಿಗೆವ್ವನ ಕಣ್ಣಿಗೆ ಮುಂದಿನ ಮೀಟರಿನಲ್ಲಿ ಒಂದು ಮುಳ್ಳು ಕೆಂಪು ಗೆರೆಯ ಕಡೆ ತೆವಳುವುದು ಕಂಡಿತು.

“ಅದೇನ್ರೀ, ಮ್ಯಾಲ ಮ್ಯಾಲ ಹೊಂಟೈತಿ?”

“ಅದು ಏರಬೇಕು. ಎಂಜಿನ್ ಅಂದ್ರ ಒಲಿ ಇದ್ದಂಗ. ಒಲಿ ಬಿಸಿ ಆತಂತ ಯಾರರ ಅಳತಾರೇನ?”

ಹೀಗೆಂದರೂ ಮುಳ್ಳು ಅವರನ್ನು ಕಾಡಿತು. ಇನ್ನಷ್ಟು ಏರಿದಾಗ ಕಾರು ನಿಲ್ಲಿಸಿ, ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಉಗುಳು ಹಚ್ಚಿ ಅರೆದು, ಮೀಟರಿನ ಗಾಜಿಗೆ ಅಡ್ಡಡ್ಡ ಮೂರು ಬೆರಳು ಎಳೆದರು. ಮುಳ್ಳು ಮುಚ್ಚಿಹೋಯಿತು. ಅವರ ಮುಖದಲ್ಲಿ ಗೆಲುವು ಬಂತು. ಮುಂಡರಗಿ ಪೇಟೆಯಲ್ಲಿ ಬಸ್ ನಿಲ್ದಾಣಕ್ಕೆ ಎರಡು ಸುತ್ತು ಹಾಕಿ, ಅಂಗಡಿಕಾರರು ನೋಡಿದ್ದನ್ನು ಖಾತ್ರಿ ಮಾಡಿಕೊಂಡು, ಡೋಣಿಯ ದಾರಿ ಹಿಡಿದರು.

ಆಗ ಗುಡ್ಡ ಎದ್ದು ಬಂತು. ಒಂದರ ಹಿಂದೆ ಒಂದು ಹಸಿರು ಬೆನ್ನು, ಬೆನ್ನಿನ ಮೇಲೆ ತಿರುಗುವ ಗಾಳಿಗಿರಣಿಗಳು, ಅವುಗಳಿಗೆ ತಾಗಿ ಹೋಗುವ ಮೋಡ. ಗದಿಗೆವ್ವ ಪರದೆ ಕಿತ್ತು ಗಾಜು ಇಳಿಸಿದಳು. ಗಾಳಿ ಒಳಗೆ ನುಗ್ಗಿ ಪ್ಲಾಸ್ಟಿಕ್ ಚೀಲವನ್ನೆಲ್ಲ ಪಟಪಟ ಬಡಿಯಿತು.

“ಧೂಳಾ! ಗಾಜು ಏರಸು!”

ಆಕೆ ಏರಿಸಲಿಲ್ಲ. ಡೋಣಿ ದಾಟಿ ಗುಡ್ಡದ ಏರು ಹಿಡಿದು ಎರಡು ತಿರುವು ಹೋಗುವುದರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು.

“ಹುಗ್ಗಿ ತಳ ಹತ್ತಿದ ವಾಸನಿ ಬರಾಕತ್ತೈತಲ್ರಿ.”

“ಯಾರದರ ಹೊಲದಾಗ ಅಡಗಿ ನಡದಿರಬೇಕು,” ಎನ್ನುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಹಬೆ ಎದ್ದು, ಕಾರು ಒಮ್ಮೆ ಬಿಕ್ಕಿ ನಿಂತಿತು. ಹುಚ್ಚೀರಪ್ಪನವರು ಇಳಿದು ಬಾನೆಟ್ ಎತ್ತಿದರು. ಎಷ್ಟೋ ಅಮಾವಾಸ್ಯೆಗಳ ತೀರ್ಥವೆಲ್ಲ ಪಾಕವಾಗಿ, ಮುಚ್ಚಳದ ಸುತ್ತ ಕಂದು ನೊರೆ ಕಾರುತ್ತಿತ್ತು. ಗದಿಗೆವ್ವ ಬೇಡವೆನ್ನುವ ಮೊದಲೇ ಬಾಟಲಿಯ ಕುಡಿಯುವ ನೀರನ್ನೆಲ್ಲ ಅದರ ಮೇಲೆ ಸುರಿದರು. ಭುಸ್ ಎಂದಿತು. ಅಷ್ಟೇ.

ಹಿಂದಿನಿಂದ ಒಂದು ಟಂಟಂ ರಿಕ್ಷಾ ಗುಡುಗುಡು ಎನ್ನುತ್ತ ಹತ್ತಿ ಬಂತು. ನಡೆಸುವವನು ಡೋಣಿಯ ದುರ್ಗೇಶ. ಒಳಗೆ ಬಸವಣ್ಣನಿಗೆ ಹೊರಟ ಹೆಣ್ಣುಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ಆತನ ಗಾಡಿಯ ಒಂದು ದೀಪ ಇರಲಿಲ್ಲ. ಬಾಗಿಲಿಗೆ ತಂತಿ ಬಿಗಿದಿತ್ತು.

“ಕಾಕಾರ, ಕಾರು ಕೆಟ್ಟಿತೇನ್ರಿ?”

“ಕೆಟ್ಟಿಲ್ಲೋ. ಆರಾಮ ತಗೊಳ್ಳಾಕತ್ತೈತಿ.”

“ಯವ್ವಾರ, ನೀವರ ಬರ್ರಿ. ದೇವರ ದರ್ಶನ ಮಾಡಿಸಿಕೊಂಡು ಬರತೀನಿ.”

ಗದಿಗೆವ್ವ ಬುತ್ತಿ ಹಿಡಿದು ಇಳಿದಳು. ಹುಚ್ಚೀರಪ್ಪನವರು ಅಡ್ಡ ನಿಂತರು. “ಎಲ್ಲಿಗೆ? ಕಾರಿದ್ದವರ ಹೆಂಡತಿ ಟಂಟಂ ಹತ್ತತಾಳಂತ?”

“ಕಾರಿದ್ದವರ ಹೆಂಡತಿ ಇಷ್ಟು ವರ್ಷ ಭೀಷ್ಮಕೆರಿ ದಾಟಿಲ್ರಿ. ಟಂಟಂದಾನ ಹೆಣ್ಮಕ್ಕಳು ವರ್ಷಾ ವರ್ಷಾ ಗುಡ್ಡ ಹತ್ತಾಕತ್ತಾರ. ಅತ್ತ ಸರೀರಿ.”

ಒಳಗಿನ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಒಬ್ಬಾಕೆ, “ಬಾರವ್ವ ಬಾ, ನಮ್ಮ ಸೀಟಿಗೆ ಪಿಲಾಸ್ಟಿಕ್ ಇಲ್ಲ, ಸೀಟೂ ಇಲ್ಲ!” ಎಂದು ಕೈ ಹಿಡಿದು ಎಳೆದುಕೊಂಡಳು.

ಮೇಲೆ ಗಾಳಿಗುಂಡಿಯಲ್ಲಿ ಗಾಳಿ ಆಕೆಯನ್ನು ನೂಕಿತು. ಕೊನೆಯ ಮೆಟ್ಟಿಲುಗಳನ್ನು ಮೊಣಕಾಲಿಗೆ ಬೈಯುತ್ತ, ಇಬ್ಬರ ಹೆಗಲು ಹಿಡಿದು ಹತ್ತಿದಳು. ಕೈ ಮುಗಿದು ತಿರುಗಿ ನೋಡಿದರೆ ಕೆಳಗೆ ಡೋಣಿಯ ಕೆರೆ, ಎರೆ ಹೊಲಗಳ ಮೇಲೆ ಹೆಸರು ಬೆಳೆಯ ಹಸಿರು, ದೂರದಲ್ಲಿ ಹೊಳೆಯ ಹೊಳಪು. ಪರದೆ ಇಲ್ಲ, ಗಾಜು ಇಲ್ಲ. ಆಕೆಯ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತೆಂದು ಒರೆಸಿಕೊಂಡಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಎಲ್ಲರ ಬುತ್ತಿ ಕೂಡಿತು. ಉಣ್ಣುತ್ತ ಕೆಳಗೆ ನೋಡಿದರೆ ತಿರುವಿನಲ್ಲಿ ಅನ್ನದ ಅಗುಳಿನಂಥ ಕಾರು. ಅದರ ಪಕ್ಕದಲ್ಲಿ ಒಂದು ಕರಿ ಚುಕ್ಕಿ. ಹುಚ್ಚೀರಪ್ಪನವರು ಛತ್ರಿ ಹಿಡಿದು ನಿಂತಿದ್ದರು. ಛತ್ರಿ ಬಾನೆಟ್ಟಿನ ಮೇಲಿತ್ತು. ಬಿಸಿಲು ಅವರ ತಲೆಯ ಮೇಲಿತ್ತು.

ಗದಿಗೆವ್ವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎರಡು ರೊಟ್ಟಿ ಸುತ್ತಿ ತೆಗೆದಿಟ್ಟಳು.

ಟಂಟಂ ಇಳಿದು ಬಂದಾಗ ಅವರ ತುಟಿ ಒಣಗಿ ಬಿರಿದಿತ್ತು. ಗದಿಗೆವ್ವ ಹೆಂಗಸರ ಕಡೆಯಿಂದ ಒಂದು ಬಾಟಲಿ ನೀರು ಇಸಿದುಕೊಂಡು ಕೈಗೆ ಕೊಟ್ಟಳು. ಅವರು ಕುಡಿಯಲಿಲ್ಲ. ತಿರುಗಿ ನೇರ ರೇಡಿಯೇಟರಿಗೆ ಸುರಿದರು. ಅದೂ ಕುಡಿಯಲಿಲ್ಲ, ಮೇಲಿಂದಲೇ ಹರಿದು ರಸ್ತೆಗೆ ಹೋಯಿತು.

ದುರ್ಗೇಶ ಹಗ್ಗ ತೆಗೆದ. “ಕಾಕಾರ, ಕಟ್ಟತೀನ್ರಿ. ಮುಂಡರಗಿ ಗ್ಯಾರೇಜಿನ ಮಟಾ ಮೆಲ್ಲಕ ಎಳಕೊಂಡು ಹೊಕ್ಕೀನಿ. ಯವ್ವಾರು ಹೆಂಗೂ ನಮ್ಮ ಗಾಡ್ಯಾಗ ಕುಂತಾರ.”

ಗದಿಗೆವ್ವನೂ ಹೇಳಿದಳು. “ಕಟ್ಟಿಸಿಕೊಳ್ರಿ. ಹೊತ್ತು ಇಳ್ಯಾಕತ್ತೈತಿ. ರೊಟ್ಟಿ ತಂದೀನಿ, ತಿನಕೋತ ಹೋಗೂಣು.”

ಹುಚ್ಚೀರಪ್ಪನವರು ಹಗ್ಗವನ್ನು ನೋಡಿದರು. ಟಂಟಂನ ಒಂಟಿ ದೀಪವನ್ನು ನೋಡಿದರು. ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಬ್ಯಾಡೋ ತಮ್ಮಾ. ಮುಂಜಾನೆ ಅದ ಪ್ಯಾಟ್ಯಾಗ ಎರಡು ಸುತ್ತು ಹೊಡದು ಬಂದೀನಿ. ಈಗ ನಿನ್ನ ಟಂಟಂ ಹಿಂದ ಹಗ್ಗ ಕಟ್ಟಿಸಿಕೊಂಡು ಹೋಗಂತಿಯೇನ? ನನ್ನ ಗಾಡಿಗೆ ಏನೂ ಆಗಿಲ್ಲ, ಈ ಗುಡ್ಡಾನ ಭಾಳ ನೆಟ್ಟಗೈತಿ. ಆಕಿನ್ನ ಕರಕೊಂಡು ನೀವು ನಡೀರಿ. ರೊಟ್ಟೀನೂ ಒಯ್ಯಿರಿ. ಕೆಳಗಿನ ಮಟಾ ಎಲ್ಲಾ ಇಳಕಲು ಐತಿ, ನನ್ನ ಗಾಡಿ ತಾನ ಇಳಿತೈತಿ. ಏನ್ ನೋಡತಿ? ದಾರಿ ಬಿಡು!”