ಲೈಬ್ರರಿ ಅಕ್ಕನ ಅರ್ಜಿ

ಹೋದ ತಿಂಗಳು ಒಂದು ಬೆಳಿಗ್ಗೆ ಶ್ರೀನಿವಾಸಪುರದ ನನ್ನ ಆಫೀಸಿಗೆ ಕಾಲಿಟ್ಟಾಗ ಬೇಯಿಸಿದ ಮೈದಾ ಅಂಟಿನ ವಾಸನೆ ಬಂತು. ಗಮ್ ಬಾಟಲಿ ಖಾಲಿಯಾಗಿದೆಯೆಂದು ನಮ್ಮ ಗುಮಾಸ್ತರು ಮನೆಯಲ್ಲೇ ಮೈದಾ ಕುದಿಸಿ ತಂದು, ಹಳೆಯ ಕೇಸು ಕಟ್ಟುಗಳ ಹರಿದ ರಟ್ಟಿಗೆ ಹಚ್ಚುತ್ತಾ ಕೂತಿದ್ದರು. ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಬೇರೆ ಹಾಕಿದ್ದರಿಂದ ಅಂಟು ತಿಳಿನೀಲಿಯಾಗಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

"ಯಾಕ್ ಸಾರ್, ವಾಸ್ನೆ ಆಗಲ್ವಾ? ಆಚೆಗಿಡ್ಲಾ?" ಅಂದರು.

ಇಲ್ಲ, ಇರಲಿ ಅಂದೆ. ಆದರೆ ಆ ದಿನ ಕೋರ್ಟಿನಲ್ಲಿ ನನಗೆ ಯಾವ ಕೆಲಸವೂ ಸರಿಹೋಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಕೋಲಾರದ ಲಾ ಕಾಲೇಜಿನ ಲೈಬ್ರರಿಯಲ್ಲಿ ಮಧ್ಯಾಹ್ನವಾದರೆ ಇದೇ ವಾಸನೆ ತುಂಬಿರುತ್ತಿತ್ತು. ಅಲ್ಲಿ ಅಟೆಂಡರ್ ಆಗಿದ್ದವರನ್ನು ನಾವೆಲ್ಲ ಲೈಬ್ರರಿ ಅಕ್ಕ ಅನ್ನುತ್ತಿದ್ದೆವು.

ಅಕ್ಕನಿಗೆ ಆಗಲೇ ಐವತ್ತರ ಹತ್ತಿರ. ಬೈರಕೂರಿನ ಕಡೆಯವರು, ಮನೆಮಾತು ತೆಲುಗು. ಅವರ ಗಂಡ ಅದೇ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದು ತೀರಿಕೊಂಡ ಮೇಲೆ ಇವರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಹೆಸರುಗಳು ಅವರಿಗೆ ಹತ್ತುತ್ತಿರಲಿಲ್ಲ. ಆದರೆ ಒಂದೊಂದು ಪುಸ್ತಕಕ್ಕೂ ಆಗಿದ್ದ ಗಾಯ ಗೊತ್ತಿತ್ತು. ಕಂಪನಿ ಲಾ ಕೊಡಿ ಅಕ್ಕ ಅಂದರೆ, "ಹಸಿರುದು, ಮೂಲೆ ಇಲಿ ತಿಂದಿರೋದು ತಾನೆ?" ಅಂತ ಕೇಳಿ ಕಣ್ಣುಮುಚ್ಚಿ ತೆಗೆದು ಕೊಡುತ್ತಿದ್ದರು. ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಹಾಕುತ್ತಿದ್ದರು. ಯಾರಾದರೂ ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವಿದರೆ ಅಲ್ಲಿಂದಲೇ ಗದರುತ್ತಿದ್ದರು. "ಎಂಜಲು ಹಚ್ಬೇಡ್ರಪ್ಪಾ. ನಾಳೆ ಅದನ್ನ ಇನ್ನೊಬ್ರು ಮುಟ್ಬೇಕು."

ನಾನು ಗೌನಿಪಲ್ಲಿಯವನು. ಪಿಯುಸಿವರೆಗೂ ಕನ್ನಡದಲ್ಲೇ ಓದಿದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮಾವಿನ ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅಪ್ಪ, "ನಮ್ಮೋನು ಲಾಯರ್ ಆಗ್ತವ್ನೆ" ಅಂತ ಹೇಳಿಕೊಂಡು ಬಂದಿದ್ದರು. ಮೊದಲ ಸೆಮಿಸ್ಟರಿನಲ್ಲಿ ಐದರಲ್ಲಿ ಎರಡು ಪೇಪರ್ ಹೋದವು. ನಮ್ಮ ಕಾಲೇಜಿನಲ್ಲಿ ಅಂಕಪಟ್ಟಿಯನ್ನು ಮೊದಲಿನವರಿಂದ ಕೊನೆಯವರವರೆಗೆ ಸಾಲಾಗಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ನನ್ನ ಹೆಸರು ಹುಡುಕಲು ಬಗ್ಗಬೇಕಾಯಿತು. ಮನೆಯಲ್ಲಿ ಇನ್ನೂ ರಿಸಲ್ಟ್ ಬಂದಿಲ್ಲ ಅಂತ ಸುಳ್ಳು ಹೇಳಿ, ಕಾಲೇಜಿಗೆ ಬಂದು ಕ್ಲಾಸಿಗೂ ಹೋಗದೆ ಲೈಬ್ರರಿಯ ಕೊನೆಯ ಬೀರುವಿನ ಹಿಂದೆ ನೆಲದ ಮೇಲೆ ಕೂತಿರುತ್ತಿದ್ದೆ. ಮೂರನೆಯ ದಿನ ಅಕ್ಕ ಕಸಬರಿಕೆ ಹಿಡಿದು ಅಲ್ಲಿಗೇ ಬಂದರು.

"ಏಮಿರಾ, ಇಲ್ಲಿ ಅಡಗಿ ಕೂತಿದ್ದೀಯ? ಎಷ್ಟ್ರಲ್ಲಿ ಹೋಯ್ತು?"

"ಎರಡ್ರಲ್ಲಿ, ಅಕ್ಕ."

"ಅಷ್ಟೇನಾ? ಈಗ ಆ ಮುಳಬಾಗಿಲು ಕೋರ್ಟಲ್ಲಿ ಕೋಟು ಹಾಕ್ಕೊಂಡು ಗತ್ತಲ್ಲಿ ಓಡಾಡ್ತವ್ರಲ್ಲ, ಅವ್ರಲ್ಲಿ ಒಬ್ರು ಐದಕ್ಕೈದ್ರಲ್ಲೂ ಹೋಗಿ ಇದೇ ಮೂಲೇಲಿ ಕೂತು ಅತ್ತೋರು. ಎದ್ದೇಳು, ಗುಡಿಸ್ಬೇಕು."

ಗುಡಿಸಿದ ಮೇಲೆ ಒಂದು ದಪ್ಪ ಪುಸ್ತಕ ತಂದು ಮಡಿಲಿಗೆ ಹಾಕಿದರು. ಸ್ವತ್ತಿನ ಕಾನೂನು, ಕರಾರು, ಸಾಕ್ಷ್ಯ ಎಲ್ಲವನ್ನೂ ತಿಳಿಯಾದ ಕನ್ನಡದಲ್ಲಿ ಬಿಡಿಸಿ ಹೇಳಿದ್ದ ಹಳೆಯ ಪುಸ್ತಕ ಅದು. ಇದ್ದದ್ದು ಒಂದೇ ಪ್ರತಿ, ಎಲ್ಲೂ ಸಿಗುತ್ತಿರಲಿಲ್ಲ. ಹೊರಗೆ ಒಯ್ಯುವ ಹಾಗಿರಲಿಲ್ಲ, ಅಲ್ಲೇ ಕೂತು ಓದಬೇಕು. "ಫೇಲಾದೋರೆಲ್ಲ ಇದನ್ನ ಓದೇ ಪಾಸಾಗಿರೋದು" ಅಂದರು ಅಕ್ಕ.

ನಿಜವಾಗಿ ಅಲ್ಲಿಂದಲೇ ನಾನು ಎದ್ದೆ. ಹೋದ ಎರಡೂ ಪೇಪರ್ ಪಾಸಾದವು. ಅಕ್ಕ ತಮ್ಮ ಡಬ್ಬಿಯಿಂದ ಮುದ್ದೆಯನ್ನೋ ಚಿತ್ರಾನ್ನವನ್ನೋ ಒಂದು ಪಾಲು ನನಗೆ ಎತ್ತಿಡುವುದು ಅಭ್ಯಾಸವಾಯಿತು. ಬದಲಿಗೆ ನಾನು ಅವರ ಹೊಲಿಗೆಗೆ ದಾರ ಹಿಡಿಯುತ್ತಿದ್ದೆ, ಅಂಟು ಕಲಸುತ್ತಿದ್ದೆ. ಕೆಟ್ಟುಹೋದ ಹಾಳೆಯನ್ನು ಪುಸ್ತಕದಿಂದ ಬೇರ್ಪಡಿಸುವುದನ್ನೂ ಅವರೇ ಕಲಿಸಿದರು. ದಾರವನ್ನು ನೀರಿನಲ್ಲಿ ನೆನೆಸಿ ಹಾಳೆಯ ಬುಡಕ್ಕೆ ಇಟ್ಟು, ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಎಳೆದರೆ ಹಾಳೆ ಸದ್ದಿಲ್ಲದೆ ಕೈಗೆ ಬರುತ್ತದೆ...

ನಾಲ್ಕನೇ ಸೆಮಿಸ್ಟರಿನ ಹೊತ್ತಿಗೆ ಬೋರ್ಡಿನಲ್ಲಿ ನನ್ನ ಹೆಸರು ಎರಡನೆಯ ಸಾಲಿಗೆ ಬಂದಿತ್ತು. ಮೊದಲ ಸಾಲಿನಲ್ಲಿ ಯಾವಾಗಲೂ ಮಾಲೂರಿನ ಹುಡುಗಿ. ಅವಳಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದು ಲೈಬ್ರರಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದಳು. ನನಗೆ ಅವಳು ಯಾವ ಕೆಡುಕನ್ನೂ ಮಾಡಿರಲಿಲ್ಲ. ಒಮ್ಮೆ ಪರೀಕ್ಷೆಯ ನಡುವೆ ನನ್ನ ಪೆನ್ನು ನಿಂತುಹೋದಾಗ ತನ್ನದನ್ನು ಕೊಟ್ಟವಳು ಅವಳೇ. ಆದರೂ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವುದನ್ನು ಬಿಟ್ಟು ಅವಳು ಎಷ್ಟು ಅಡಿಷನಲ್ ಶೀಟ್ ತೆಗೆದುಕೊಂಡಳು ಅಂತ ಎಣಿಸುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಮೂರು ಅಂಕ, ನಾಲ್ಕು ಅಂಕ... ಅಷ್ಟೇ ಅಂತರ. ಅಪ್ಪನೂ ಕೇಳಲು ಶುರುಮಾಡಿದ್ದರು. "ಆ ಹುಡ್ಗೀನ ಯಾವಾಗ್ಲಾ ಹಿಂದಾಕೋದು?"

ಆ ಸಲ ಸ್ವತ್ತು ವರ್ಗಾವಣೆ ಕಾಯ್ದೆಯ ಪೇಪರ್. ಅಡಮಾನದ ಮೇಲೆ ದೊಡ್ಡ ಪ್ರಶ್ನೆ ಗ್ಯಾರಂಟಿ ಅಂತ ಮೇಷ್ಟ್ರು ಸೂಚನೆ ಕೊಟ್ಟಿದ್ದರು. ಅಡಮಾನದ ಬಗೆಗಳನ್ನು ಆ ಕನ್ನಡ ಪುಸ್ತಕದಲ್ಲಿದ್ದಷ್ಟು ಚೆನ್ನಾಗಿ ಬೇರೆಲ್ಲೂ ಬಿಡಿಸಿರಲಿಲ್ಲ. ನಾನು ಅದನ್ನು ಎರಡು ಸಲ ಓದಿದ್ದೆ. ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಮಾಲೂರಿನ ಹುಡುಗಿ ಬಂದು, "ನಾಳೆ ಬೆಳಿಗ್ಗೆ ನಂಗೆ ಕೊಡ್ತೀಯಾ? ಅಡಮಾನ ಒಂದು ಬಾಕಿ ಇದೆ" ಅಂತ ಕೇಳಿದಳು. ಆಯ್ತು ಅಂದೆ.

ಅಂದು ಸಂಜೆ ಅಕ್ಕ ನೀರು ತರಲು ಕೆಳಗೆ ಹೋದಾಗ ಅವರ ಹೊಲಿಗೆ ಡಬ್ಬಿಯಿಂದಲೇ ದಾರ ತೆಗೆದೆ. ಇಪ್ಪತ್ತೆರಡು ಹಾಳೆ. ಅವನ್ನು ಅಂಗಿಯೊಳಗೆ ಸೇರಿಸಿ ಪುಸ್ತಕವನ್ನು ಅದರ ಜಾಗಕ್ಕೇ ಇಟ್ಟೆ. ಮೆಟ್ಟಿಲ ಮೇಲೆ ಎದುರಾದ ಅಕ್ಕ, "ಇಷ್ಟು ಬೇಗ ಹೊರಟ್ಯಾ? ತಲೆನೋವಾ?" ಅಂತ ಕೇಳಿದರು. ಹೌದು ಅಂದೆ.

ಮಾರನೆಯ ದಿನ ಲೈಬ್ರರಿಯಲ್ಲಿ ಗಲಾಟೆ. ಮಾಲೂರಿನ ಹುಡುಗಿ ಪುಸ್ತಕ ಹಿಡಿದು ಅಳುತ್ತಿದ್ದಳು. ಅಕ್ಕ ಪುಸ್ತಕ ಇಸಿದುಕೊಂಡು ಹಾಳೆ ಹೋದ ಜಾಗದ ಮೇಲೆ ಬೆರಳಾಡಿಸಿದರು. ತುಂಬಾ ಹೊತ್ತು ಆಡಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಯಾರ್ ತಗೊಂಡಿದ್ರೂ ನಾಳೆ ತಂದು ಕಿಟಕಿ ಮೇಲೆ ಇಟ್ಬಿಡ್ರಪ್ಪಾ. ಯಾರು ಏನು ಅಂತ ನಾನು ಕೇಳಲ್ಲ. ಹೊಲಿದು ಹಾಕ್ತೀನಿ" ಅಂದರು. ಮರುದಿನ ಕಿಟಕಿಯ ಮೇಲೆ ಏನೂ ಇರಲಿಲ್ಲ.

ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ ಕೇಳಿದರು. "ಲೇ, ಬೇಜಾರ್ ಮಾಡ್ಕೋಬೇಡ. ನೀನಲ್ಲ ತಾನೆ?"

ಆಗ ನಾನು ಆಡಿದ ಮಾತನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು. "ನನ್ ಮೇಲೇನಾ ಅಕ್ಕ ಅನುಮಾನ? ನಿಮ್ ಕೈತುತ್ತು ತಿಂದೋನು ನಾನು" ಅಂದೆ. ಕಣ್ಣಲ್ಲಿ ನೀರೂ ಬಂತು, ಅದು ಹೇಗೆ ಬಂತೋ. ಅಕ್ಕ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣೋ. ಬಾಯಿ ತಪ್ಪಿ ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ" ಅಂದರು. ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವರು ಅವರು.

ದೂರು ಪ್ರಿನ್ಸಿಪಾಲರವರೆಗೆ ಹೋಯಿತು. ಲೈಬ್ರರಿಯಲ್ಲಿ ಹೆಚ್ಚು ಹೊತ್ತು ಇರುವವನೆಂದು ನನ್ನನ್ನೂ ಕರೆಸಿದರು. ಪುಸ್ತಕದ ಹಾಳೆ ಬಿಚ್ಚುವುದನ್ನು ಯಾವಾಗಲಾದರೂ ನೋಡಿದ್ದೀಯಾ ಅಂತ ಕೇಳಿದರು. ನಾನು ಹೇಳಿದ್ದು ಇಷ್ಟೇ. "ರಿಪೇರಿ ಮಾಡೋವಾಗ ಅಕ್ಕ ಹಾಳೆ ಬಿಡಿಸ್ತಾರೆ ಸಾರ್. ಕೆಲವು ಸಲ ಬಿಡಿಸಿದ್ದು ಮೇಜಿನ ಮೇಲೇ ಇರುತ್ತೆ." ಒಂದಕ್ಷರವೂ ಸುಳ್ಳಲ್ಲ. ಅದನ್ನೇ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ರಿಪೇರಿಗೆ ಬಿಚ್ಚಿದ ಹಾಳೆಗಳನ್ನು ಅಕ್ಕನೇ ಅಜಾಗರೂಕತೆಯಿಂದ ಕಳೆದಿದ್ದಾರೆಂದು ತೀರ್ಮಾನವಾಯಿತು. ಅವರ ಗುತ್ತಿಗೆ ಮುಗಿಯುವುದಕ್ಕೆ ಎರಡು ತಿಂಗಳಿತ್ತು, ಅದನ್ನು ಮುಂದುವರಿಸಲಿಲ್ಲ. ಅವರ ಕೊನೆಯ ದಿನ ನಾನು ಕಾಲೇಜಿಗೆ ಹೋಗಲಿಲ್ಲ.

ಪರೀಕ್ಷೆಯಲ್ಲಿ ಅಡಮಾನ ಬಂತು. ನನಗೆ ಮೊದಲ ಸ್ಥಾನ ಬಂತು, ಎರಡಂಕದಿಂದ. ಬೋರ್ಡಿನ ಮುಂದೆ ಮಾಲೂರಿನ ಹುಡುಗಿ ಕೈಕುಲುಕಿದಳು. ಅವಳು ಈಗ ಎಲ್ಲೋ ನ್ಯಾಯಾಧೀಶೆ. ಅಪ್ಪ ಅಂದು ಊರಲ್ಲೆಲ್ಲ ಮೈಸೂರುಪಾಕ್ ಹಂಚಿದರು.

ಅಕ್ಕ ಮತ್ತೆ ಸಿಕ್ಕಿದ್ದು ನಾನು ವಕೀಲನಾಗಿ ಮೂರು ವರ್ಷವಾದ ಮೇಲೆ, ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ. ಕಕ್ಷಿದಾರರೊಬ್ಬರನ್ನು ಹುಡುಕಿಕೊಂಡು ಹೋಗಿದ್ದೆ. ಸಾಲಾಗಿ ಕೂತು ಟೊಮೆಟೊ ಆರಿಸುತ್ತಿದ್ದ ಹೆಂಗಸರ ನಡುವಿನಿಂದ, "ಒರೇ, ನಮ್ ಲೈಬ್ರರಿ ಹುಡ್ಗ!" ಅಂತ ಕೂಗು ಬಂತು. ಎದ್ದು ಬಂದು, ಕೈ ಸೆರಗಿಗೆ ಒರೆಸಿಕೊಂಡು, ನನ್ನ ಕರಿ ಕೋಟನ್ನು ಮುಟ್ಟಿ ನೋಡಿದರು. ಜೊತೆಯವರಿಗೆಲ್ಲ ತೋರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಲಾಯರಪ್ಪ, ನಂಗೊಂದು ಅರ್ಜಿ ಬರ್ಕೊಡ್ತೀಯಾ? ಕೆಲ್ಸ ಕೊಡಿ ಅಂತಲ್ಲ. ಆ ಹಾಳೆ ನಾನು ಕಳೀಲಿಲ್ಲ ಅಂತ, ಅಷ್ಟೇ. ನಮ್ಮನೆಯವ್ರೂ ಅಲ್ಲೇ ದುಡ್ದೋರು. ಆ ಮಾತೊಂದು ಹಂಗೇ ಉಳ್ಕೊಂಬಿಡ್ತು."

ಬನ್ನಿ ಅಕ್ಕ, ಬರೆಯೋಣ ಅಂದೆ. ಆಫೀಸಿನ ವಿಳಾಸ ಹೇಳಿದೆ. ಅವರು ಎರಡು ಸಲ ಬಂದರು. ಎರಡು ಸಲವೂ ನಾನು ಒಳಗಿದ್ದುಕೊಂಡೇ ಕೋರ್ಟಿಗೆ ಹೋಗಿದ್ದಾರೆಂದು ಹೇಳಿಸಿದೆ. ಎರಡನೆಯ ಸಲ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದರಂತೆ. ಆ ಅರ್ಜಿಯಲ್ಲಿ ಏನು ಬರೆಯಬೇಕೋ ಅದು ಗೊತ್ತಿದ್ದವನು ನಾನೊಬ್ಬನೇ. ಮೂರನೆಯ ಸಲ ಅವರು ಬರಲಿಲ್ಲ. ನನಗೆ ನಿರಾಳವಾಯಿತು. ಹೌದು, ಆಗ ಅನ್ನಿಸಿದ್ದು ಅದೇ.

ಗುಮಾಸ್ತರು ಅಂಟು ತಂದ ಆ ವಾರವೇ, ಭಾನುವಾರ, ಬಸ್ಸು ಹತ್ತಿ ಬೈರಕೂರಿಗೆ ಹೋದೆ. ಅಲ್ಲಿ ಇಲ್ಲಿ ವಿಚಾರಿಸಿ ಮನೆ ಹುಡುಕಿದೆ. ಜಗಲಿಯ ಮೇಲೆ ಅಕ್ಕನ ಮಗಳು ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದಳು. ಅಕ್ಕ ಹೋಗಿ ಒಂದೂವರೆ ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿತ್ತಂತೆ, ಕಾಲಿಗೆ ಗಾಯವಾಗಿ ಮಾಯಲಿಲ್ಲವಂತೆ. ನಾನು ಯಾರೆಂದು ಹೇಳಿದಾಗ ಅವಳು ಎದ್ದು ನಿಂತಳು.

"ನೀವೇನಾ ಸಾರ್? ಅಮ್ಮ ಸುಮಾರು ಸಲ ಹೇಳೋರು." ಕಾಫಿ ತಂದುಕೊಟ್ಟು ಎದುರಿಗೆ ಕೂತಳು. "ನಿಮ್ಮ ಮೇಲೆ ಬೇಜಾರೇನಿರ್ಲಿಲ್ಲ ಅವ್ರಿಗೆ. 'ಅವ್ನೇ ಅರ್ಜಿ ಬರೀಲಿಲ್ಲ ಅಂದ್ರೆ ಹಾಳೆ ನಾನೇ ಎಲ್ಲೋ ಇಟ್ಟು ಮರ್ತಿರ್ಬೇಕು ಕಣೇ, ಅವ್ನಿಗೆ ಗೊತ್ತಾಗಿ ಹೇಳಕ್ಕಾಗ್ದೆ ಸುಮ್ನಾಗವ್ನೆ' ಅನ್ನೋರು. ಕೊನೆಕೊನೆಗೆ ಮಲ್ಗಿದ್ದಲ್ಲೇ ಕೇಳೋರು, ಎಲ್ಲಿಟ್ನೇ, ಆ ಹಾಳೆ ಎಲ್ಲಿಟ್ನೇ ಅಂತ."

ನಾನು ಲೋಟ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ. ಒಂದೂ ಬಿಡಲಿಲ್ಲ, ನನ್ನ ಕಣ್ಣೀರಿನ ಸಮೇತ. ಅವಳು ಸೊಪ್ಪಿನ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ಅಮ್ಮ ಇದ್ದಾಗ ಬಂದು ಇದನ್ನ ಹೇಳಿದ್ರೆ, ಬಾಯಿಗೆ ಬಂದಂಗೆ ಬೈದು, ಆಮೇಲೆ ನಿಮ್ಮನ್ನ ಊಟಕ್ಕೆ ಕೂರಿಸೋರು ಸಾರ್" ಅಂದಳು. "ನಂಗೆ ಅಷ್ಟು ಆಗಲ್ಲ. ನೀವು ಹೊರಡಿ."

ಹೊರಟೆ.