ಎಡಗಿವಿಯ ಬೆಂಡೋಲಿ

ನಾನು ಜೋಡಿಯಿಲ್ಲದ ಓಲೆಗಳನ್ನು ಮಾಡಿಸಿ ಮಾರುತ್ತಿದ್ದೆ. ಒಂದು ಕಿವಿಗೆ ಬೆಕ್ಕು, ಇನ್ನೊಂದಕ್ಕೆ ಮೀನು. ಒಂದಕ್ಕೆ ಕೊಡೆ, ಇನ್ನೊಂದಕ್ಕೆ ಕಪ್ಪೆ. ಎಲ್ಲವೂ ಬಂಗಾರದವು, ಕಡಲೆಕಾಳಿನಷ್ಟು ದೊಡ್ಡವು. ಮೊಬೈಲಿಗೆ ಕ್ಯಾಮೆರಾ ಬಂದ ಹೊಸತು ಅದು. ಪಣಜಿಯ ಅಂಗಡಿಯೊಂದರವರು ಗಾಜಿನ ಕಪಾಟಿನಲ್ಲಿ ನನಗೆ ಒಂದು ಸಾಲು ಬಿಟ್ಟುಕೊಟ್ಟಿದ್ದರು. ಬಂದವರು ನಗುತ್ತಿದ್ದರು, ಫೋಟೊ ತೆಗೆದುಕೊಳ್ಳುತ್ತಿದ್ದರು, ಎಲ್ಲೋ ಒಬ್ಬರು ಕೊಳ್ಳುತ್ತಿದ್ದರು.

ಮಾಡಿಕೊಡುತ್ತಿದ್ದವರು ಮ್ಹಾಪಸಾದ ಅಕ್ಕಸಾಲಿಗ ಪತ್ತಾರ ಕಾಕಾ, ನಮ್ಮ ಬಿಜಾಪುರದ ಕಡೆಯವರೇ. ಮೊದಲ ಸಲ ಹೇಳದೆ ಕೇಳದೆ ಎರಡೂ ಬೆಕ್ಕನ್ನೇ ಮಾಡಿಟ್ಟಿದ್ದರು. ನಾನು ಚಿತ್ರ ತಪ್ಪಾಗಿ ಬರೆದಿದ್ದೇನೆಂದು ತಿದ್ದಿದ್ದರಂತೆ!

"ಎಡಕ್ಕೊಂದು ಬಲಕ್ಕೊಂದು ಮಾಡಾಕ ಕೈ ಬರಂಗಿಲ್ಲವಾ ತಂಗಿ. ಜೋಡಿ ಅಂದ್ರ ಜೋಡಿ ಇರಬೇಕು" ಎಂದರು.

"ಜೋಡಿ ಬೇಕಾದವರು ನಿಮ್ಮ ಕಡೆ ಬರ್ತಾರ ಕಾಕಾ, ನನ್ನ ಕಡೆ ಬರಂಗಿಲ್ಲರಿ" ಎಂದೆ ಸಿಟ್ಟಿನಿಂದ. ಅವರು ಗೊಣಗುತ್ತಲೇ ಒಂದು ಬೆಕ್ಕನ್ನು ಕರಗಿಸಿ ಮೀನು ಮಾಡಿದರು.

ಈ ವಿಚಾರ ನನಗೆ ಹೊಳೆದದ್ದೇ ಅವ್ವನ ಕಿವಿಗಳಿಂದ. ಅವ್ವ ಸಮುದ್ರದಂಡೆಯಲ್ಲಿ ಮಣಿಸರ ಮಾರುತ್ತಿದ್ದಳು. ನಾನು ಸಣ್ಣವಳಿದ್ದಾಗ ಅವಳ ಎಡಗಿವಿಯ ಬಂಗಾರದ ಬೆಂಡೋಲಿ ಮರಳಿನಲ್ಲಿ ಬಿದ್ದುಹೋಯಿತು. ಮದುವೆಯಲ್ಲಿ ತವರಿನವರು ಹಾಕಿದ್ದು. ಮೂರು ದಿನ ಮರಳು ಕೆದರಿದಳು, ಸಿಗಲಿಲ್ಲ. ಆಮೇಲೆ ಬಲಕ್ಕೆ ಉಳಿದ ಬೆಂಡೋಲಿ, ಎಡಕ್ಕೆ ಅವಳ ಬುಟ್ಟಿಯೊಳಗಿನದೇ ಒಂದು ಹಿತ್ತಾಳೆಯ ರಿಂಗು. ನನ್ನ ಕಣ್ಣಿಗೆ ಅದೇ ಚಂದ ಕಾಣುತ್ತಿತ್ತು. ಅಂಗಡಿಗೆ ಬಂದವರಿಗೆ ಈ ಕಥೆ ಹೇಳುತ್ತಿದ್ದೆ. ಕಥೆ ಹೇಳಿದರೆ ಸರಕು ಬೇಗ ಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಊರಿನಲ್ಲಿ ತಮ್ಮನ ಮದುವೆ ಗೊತ್ತಾಯಿತು. "ನನ್ನ ಕಿವಿಗೂ ಏನರ ಮಾಡಿಸಿಕೊಡ್ತಿ ಏನವಾ? ಮಂದಿ ಮುಂದ ಹೋಗೂದೈತಿ" ಎಂದು ಅವ್ವ ಕೇಳಿದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಹಿತ್ತಾಳೆ ರಿಂಗಿನ ಜಾಗಕ್ಕೆ ಬಂಗಾರದ ಏಡಿ ಮಾಡಿಸಿದೆ. ಮುಂಗಾಲು ಎತ್ತಿಕೊಂಡು ಜಗಳಕ್ಕೆ ನಿಂತ ಏಡಿ. ಅಷ್ಟು ಚೆನ್ನಾದದ್ದನ್ನು ನಾನು ಅದುವರೆಗೆ ಮಾಡಿಸಿರಲಿಲ್ಲ. ಅವ್ವ ತಿರುವಿ ತಿರುವಿ ನೋಡಿ, "ಚಲೋ ಐತಿ" ಎಂದಳು.

ಮದುವೆಯ ಎರಡು ದಿನವೂ ಆ ಸುಡು ಬಿಸಿಲಲ್ಲಿ ಅವಳು ಸೆರಗನ್ನು ಎಡಗಿವಿಯ ಮೇಲೆ ಎಳೆದು ಕೈಯಲ್ಲಿ ಹಿಡಿದೇ ಇದ್ದಳು. ಫೋಟೊಕ್ಕೆ ನಿಂತಾಗ ಬಲಗೆನ್ನೆ ಮುಂದೆ ಮಾಡಿದಳು. ಆಗ ನನಗೆ ತಿಳಿಯಿತು. ದಂಡೆಯ ಗಿರಾಕಿಗಳ ಜೊತೆ, ಕಿರಾಣಿ ಅಂಗಡಿಯಲ್ಲಿ, ಮನೆಯಲ್ಲಿ ನಮ್ಮ ಜೊತೆಯೂ ಅವಳು ಹಾಗೇ ಬಲಗೆನ್ನೆ ತಿರುಗಿಸಿಯೇ ಮಾತಾಡುತ್ತಿದ್ದಳು. ಅದು ಅವಳ ಠೀವಿ ಎಂದುಕೊಂಡಿದ್ದೆ. ಜೋಡಿ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೆತ್ತ ಮಗಳಿಗೆ ಅದನ್ನೂ ಹೇಳಬೇಕಾಗುತ್ತದೆ ಎಂದು ಅನಿಸಿರಲಿಕ್ಕಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ವಾಪಸು ಬಂದವಳೇ ಅವ್ವನ ಎರಡೂ ಕಿವಿಯವನ್ನು ಎರಡು ದಿನಕ್ಕೆಂದು ಕೇಳಿ ಪಡೆದು, ಬಲಗಿವಿಯ ಬೆಂಡೋಲಿಯನ್ನು ಕಾಕಾನ ಮುಂದಿಟ್ಟೆ. ಪಕ್ಕದಲ್ಲಿ ಏಡಿ, ಕಪಾಟಿನಲ್ಲಿ ಹೋಗದೆ ಕೂತಿದ್ದ ಕೊಡೆ, ಕಪ್ಪೆ. "ಇವನ್ನೆಲ್ಲ ಕರಗಿಸಿ ಇದರಂಗ ಇನ್ನೊಂದು ಮಾಡ್ರಿ ಕಾಕಾ" ಎಂದೆ. ಅವರು ಹಳೆಯದು ಎಲ್ಲೆಲ್ಲಿ ಸವೆದಿತ್ತೋ ಹೊಸದನ್ನೂ ಅಲ್ಲಲ್ಲಿ ತಿಕ್ಕಿ ಕೊಟ್ಟರು. ಯಾವುದು ಯಾವುದೆಂದು ಅವ್ವನಿಗೂ ತಿಳಿಯಲಿಲ್ಲ.

ಮರುದಿನ ದಂಡೆಗೆ ಹೋದೆ. ಅವ್ವ ಎರಡೂ ಬೆಂಡೋಲಿ ಹಾಕಿಕೊಂಡು, ಸೆರಗು ಹಿಂದಕ್ಕೆ ಬಿಟ್ಟು, ಒಬ್ಬಳಿಗೆ ಸರ ತೋರಿಸುತ್ತಿದ್ದಳು. ಬಲಗೆನ್ನೆ ಮುಂದಿತ್ತು. ಆಕೆ ಹೋದ ಮೇಲೆ ಎದುರಿಗೆ ಕುಳಿತೆ.

"ಅವ್ವ, ಈಗ ಎರಡೂ ಒಂದ ನಮೂನಿ ಅದಾವು. ಸೀದಾ ನೋಡಿ ಮಾತಾಡ."

"ಸೀದಾನ ನೋಡಾಕತ್ತೇನಲ್ಲ" ಎಂದಳು ಅವ್ವ, ಬಲಗೆನ್ನೆಯನ್ನು ನನ್ನ ಕಡೆಗಿಟ್ಟುಕೊಂಡೇ.