ವಾಣಿಶ್ರೀಯ ಮೊರ

ಡಲ್ಲಾಸ್ ಪಕ್ಕದ ನಮ್ಮ ಅಲೆನ್‌ನಲ್ಲಿ ಗೌರಿ ಹಬ್ಬ ಹತ್ತಿರವಾದರೆ ನಾವು ಹೆಂಗಸರೆಲ್ಲ ವಾಣಿಶ್ರೀಯ ಬೆನ್ನು ಹತ್ತುತ್ತಿದ್ದೆವು. ಬಾಗಿನ ಕೊಡಲು ಬಿದಿರಿನ ಜೋಡಿ ಮೊರ ಬೇಕು. ಡಲ್ಲಾಸ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುವುದು ಮಕ್ಕಳ ಆಟಕ್ಕೂ ಸಾಲದ ಪ್ಲಾಸ್ಟಿಕ್ಕು. ವಾಣಿಶ್ರೀಯೋ ಮೊರ ಹೆಣೆಯುವವರ ಮನೆಯಲ್ಲೇ ಹುಟ್ಟಿದವಳು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಅವರ ಕೇರಿಯಲ್ಲಿ ಬುಟ್ಟಿ, ಮೊರ ಹೆಣೆದು ಯಳಂದೂರಿನ ಸಂತೆಗೆ ಹೊತ್ತೊಯ್ದರೆ ಮಾತ್ರ ಒಲೆ ಉರಿಯುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಅವಳು ಬಿದಿರು ಸೀಳುವ ಕತ್ತಿ ಬಿಡಲಿಲ್ಲ. ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿ ಗೆಳತಿ ಸುಪ್ರಜಾಳ ಹಿತ್ತಲಿನ ಬಿದಿರು, ಬೇಲಿ ದಾಟಿ ನುಗ್ಗಿ ಪಕ್ಕದ ಮನೆಯವರು ರೇಗುತ್ತಿದ್ದರು. ಅದನ್ನು ಕಡಿದು ಕಾರಿನ ಮೇಲೆ ಕಟ್ಟಿಕೊಂಡು ಬರುವಳು. ಸೀಳಿದ ಕಡ್ಡಿಗಳನ್ನು ಬಾತ್‌ಟಬ್ಬಿನಲ್ಲಿ ನೆನೆಹಾಕುವಳು. ಹಬ್ಬ ಮುಗಿಯುವವರೆಗೂ ಗಂಡ ಅನಿರುದ್ಧ್‌ಗೆ ಮಗಳ ಬಾತ್‌ರೂಮೇ ಗತಿ.

ನಮ್ಮ ಹೊಗಳಿಕೆ ಅವಳ ತಲೆಗೇರಿತ್ತು. ಏರಿಸಿದವರು ನಾವೇ ಬಿಡಿ. ಆದರೆ ಅವಳ ಮನಸ್ಸಿನಲ್ಲಿ ಇದ್ದ ಆಸೆ ಒಂದೇ: ಹದಿನಾರರ ಮಗಳು ಶ್ರೇಯಾ ಈ ಕೆಲಸ ಕಲಿಯಬೇಕು. ಶ್ರೇಯಾ ಕೂತದ್ದೂ ಉಂಟು. ಎರಡು ಕಡ್ಡಿ ಸೊಟ್ಟ ಹೋಗುವಷ್ಟರಲ್ಲಿ ತಾಯಿ "ಹಿಂಗಲ್ಲ, ಕೊಡಿಲ್ಲಿ" ಎಂದು ಕಸಿದುಕೊಂಡು, ಬಿಚ್ಚಿ, ತಾನೇ ಹೆಣೆಯುವಳು. ಹುಡುಗಿ ಗ್ಯಾರೇಜಿಗೆ ಬರುವುದನ್ನೇ ಬಿಟ್ಟಳು.

ಹೋದ ಬೇಸಿಗೆಯಲ್ಲಿ ಪ್ರಗತಿ ಬಂದಳು. ಆಸ್ಟಿನ್‌ನಲ್ಲಿ ಓದುವ ಚಾಮರಾಜನಗರದ ಹುಡುಗಿ. ಲಾಸ್ ಕೊಲಿನಾಸ್‌ನಲ್ಲಿ ಇಂಟರ್ನ್‌ಶಿಪ್ಪು, ಇರುವುದಕ್ಕೆ ವಾಣಿಶ್ರೀಯ ಮನೆಯ ಮಹಡಿ ಕೋಣೆ. ನಮ್ಮೂರ ಕಡೆಯವಳು ಎಂದು ವಾಣಿಶ್ರೀ ತಾನೇ ಕರೆಸಿಕೊಂಡಿದ್ದಳು. ಪ್ರಗತಿಯೂ ಊರಿನ ಗ್ರಾಮೋದ್ಯೋಗ ತರಬೇತಿ ಕೇಂದ್ರದಲ್ಲಿ ಬಿದಿರಿನ ಕೆಲಸ ಕಲಿತವಳೆಂದು ತಿಳಿದದ್ದು ಆಮೇಲೆ. ಒಂದು ಶನಿವಾರ ಗ್ಯಾರೇಜಿಗೆ ಹೋಗಿ ನೋಡಿದರೆ, ಪ್ರಗತಿಯ ಪಕ್ಕದಲ್ಲಿ ಶ್ರೇಯಾ ಚಕ್ಕಳಮಕ್ಕಳ ಹಾಕಿ ಕೂತು ಹೆಣೆಯುತ್ತಿದ್ದಾಳೆ! ಕಡ್ಡಿ ಸೊಟ್ಟ ಹೋದರೂ ಪ್ರಗತಿ ಕೈಹಾಕುತ್ತಿಲ್ಲ. ಇಬ್ಬರೂ ನಗುತ್ತಿದ್ದಾರೆ.

ವಾಣಿಶ್ರೀಯ ಹೊಟ್ಟೆಗೆ ಬೆಂಕಿ ಬಿತ್ತು. ನನಗೆ ಫೋನ್ ಮಾಡಿ ಕಾರಿದಳು.

"ಸರ್ಟಿಫಿಕೇಟ್ ತಗೊಂಡು ಕಲ್ತವಳು ಕಣೇ ಕುಮುದಾ. ನಮ್ಮವ್ವನ ಬೆರಳು ಹೆಂಗೆ ಸೀಳಿ ಹೋಗಿತ್ತು ಅಂತ ಅವಳಿಗೇನು ಗೊತ್ತು? ನನ್ನ ಮಗಳಿಗೆ ಅವಳು ಹೇಳ್ಕೊಡ್ತಾಳಂತೆ!"

"ಹೆಂಗೋ ಕಲೀತಿದಾಳಲ್ಲ, ಬಿಡೇ."

"ನನ್ನ ಹತ್ರ ಯಾಕೆ ಕಲೀಲಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಹೇಳಿ ಬೈಸಿಕೊಳ್ಳುವ ಉಮೇದು ಇರಲಿಲ್ಲ. ಅಂದಿನಿಂದ ಪ್ರಗತಿ ಮಾಡಿದ ಕಾಫಿ ಸಪ್ಪೆ, ತೊಟ್ಟ ಬಟ್ಟೆ ಅತಿ, ಮೆಟ್ಟಿಲಿಳಿದರೆ ಗದ್ದಲ. ವಾಣಿಶ್ರೀ ಗ್ಯಾರೇಜಿನ ಕಡೆ ತಲೆಹಾಕದೆ ತನ್ನ ಮೊರಗಳನ್ನು ಊಟದ ಮೇಜಿನ ಪಕ್ಕ ಕೂತು ಹೆಣೆದಳು.

ಹಬ್ಬದ ಹಿಂದಿನ ಭಾನುವಾರ ಮೊರಗಳಿಗೆ ಅರಿಸಿನ ಸವರಲು ನಾವೆಲ್ಲ ನಮ್ಮ ಮನೆಯಲ್ಲಿ ಸೇರಿದೆವು. ರಾಶಿಯಲ್ಲಿದ್ದ ಒಂದು ಮೊರ ವಾಣಿಶ್ರೀಯದಲ್ಲ ಎಂಬುದು ಕಣ್ಣಿಗೆ ಹೊಡೆಯುವಂತಿತ್ತು. ಹೆಣಿಗೆ ಸಡಿಲ, ಅಂಚು ಬಿಗಿಯಿಲ್ಲ. ವಾಣಿಶ್ರೀ ಅದಕ್ಕೆ ಹಿಡಿ ಅಕ್ಕಿ ಸುರಿದು ಎಲ್ಲರ ಮುಂದೆ ಕೇರಿದಳು. ಅಕ್ಕಿ ಸಂದುಗಳಿಂದ ಮೇಜಿನ ತುಂಬ ಚೆಲ್ಲಿತು.

"ನೋಡ್ರಮ್ಮಾ ಕೇಂದ್ರದ ಕೆಲಸಾನ! ಇದ್ರಲ್ಲಿ ಬಾಗಿನ ಕೊಟ್ರೆ ಗೌರಮ್ಮನೇ ಎದ್ದು ಹೋಗ್ತಾಳೆ. ಒಲೆಗೆ ಹಾಕೋಕೆ ಲಾಯಕ್ಕು" ಎಂದಳು, ಪ್ರಗತಿಯನ್ನೇ ದಿಟ್ಟಿಸಿ.

ಕೆಲವರು ನಕ್ಕರು. ನಾನೂ ನಕ್ಕೆ.

"ಆಂಟಿ, ಅದು..." ಎಂದು ಪ್ರಗತಿ ತಡೆಯಲು ನೋಡಿದಳು.

"ಅದು ನಂದು" ಎಂದಳು ಶ್ರೇಯಾ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲಿ ಹೇಳಿದಳು. "ಅಮ್ಮಾ, ನಿಂಗೇ ಅಂತ ಮಾಡಿದ್ದು."

ವಾಣಿಶ್ರೀಯ ಮುಖ ಕಪ್ಪಿಟ್ಟಿತು. ಆ ಸಡಿಲ ಅಂಚನ್ನು ಎಳೆದೆಳೆದು ಬಿಗಿಮಾಡತೊಡಗಿದಳು.

"ಇರು ಪುಟ್ಟಿ, ಸರಿ ಮಾಡ್ಬಿಡ್ತೀನಿ, ಒಂದ್ನಿಮಿಷ..."

ಶ್ರೇಯಾ ಅವಳ ಕೈಯಿಂದ ಮೊರ ಬಿಡಿಸಿಕೊಂಡಳು. ಮೇಜು ಬಳಸಿ ಹೋಗಿ ಪ್ರಗತಿಯ ಕೈಗಿಟ್ಟಳು.

"ಅಕ್ಕಾ, ನೀವೇ ಇಟ್ಕೊಳ್ಳಿ."